ಕ್ರಯಪತ್ರವೋ, ಚಾಲಗೇಣಿಯೋ?

ವಿಡಿಯೋ ಗೇಮಿನ ಷರತ್ತುಗಳಿಗೂ ವಿಮರ್ಶೆ ಬೇಕಾ ಎಂದು ನೀವು ಕೇಳಬಹುದು. ಲಕ್ಷಗಟ್ಟಲೆ ಜನ ಒಪ್ಪುವ, ಹೆಚ್ಚಿನವರು ಓದದೇ ಬಿಡುವ ಬರಹ ಅದು. ಅಷ್ಟು ಕಾರಣ ಸಾಕು. ನಾನು ಓದಿದ್ದು ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪೆನಿಯ ಒಪ್ಪಂದ. ಅದರ 'ದಿ ಕ್ರೂ' ಆಟಕ್ಕೆ ಬಂದ ಗತಿಯೇ ನನ್ನನ್ನು ಓದಿಸಿತು.

ದಿ ಕ್ರೂ ಕಾರು ಓಡಿಸುವ ಆಟ, 2014ರ ಡಿಸೆಂಬರಿನಲ್ಲಿ ಬಂತು. ಅಂಗಡಿಯಲ್ಲಿ ಡಿಸ್ಕ್ ಸಿಗುತ್ತಿತ್ತು. ಆದರೆ ಒಬ್ಬನೇ ಕೂತು ಆಡಿದರೂ ಕಂಪೆನಿಯ ಸರ್ವರಿನ ಸಂಪರ್ಕ ಇರಲೇಬೇಕು. 2024ರ ಮಾರ್ಚ್ 31ಕ್ಕೆ ಆ ಸರ್ವರನ್ನು ಮುಚ್ಚಿದರು. ಡಿಸ್ಕ್ ಕೈಯಲ್ಲೇ ಉಂಟು, ಆಟ ಇಲ್ಲ! ಆಮೇಲೆ ಆಟಗಾರರ ಖಾತೆಯಿಂದ ಪರವಾನಗಿಯನ್ನೂ ತೆಗೆದರು.

ಒಪ್ಪಂದ ನೋಡಿದರೆ ಇದಕ್ಕೆಲ್ಲ ಜಾಗ ಇದೆ. ಹೊರಗೆ 'ಖರೀದಿಸಿ' ಎಂಬ ಗುಂಡಿ, ಒಳಗೆ 'ಪರವಾನಗಿ' ಎಂಬ ಮಾತು. ನಮ್ಮ ಕಾಸರಗೋಡಿನ ಹಿರಿಯರಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ. ಮೂಲಗೇಣಿ ಎಂದರೆ ತಲೆಮಾರಿಗೆ ನಿಂತ ಹಕ್ಕು. ಚಾಲಗೇಣಿ ಎಂದರೆ ಧಣಿ ಏಳು ಅಂದರೆ ಏಳಬೇಕು. ಆದರೂ ಚಾಲಗೇಣಿಯವನಿಗೆ ತಾನು ಗೇಣಿಯವ ಎಂದು ಗೊತ್ತಿತ್ತು. ಇಲ್ಲಿ ಕ್ರಯಪತ್ರ ಅಂತ ಹೇಳಿ ಗೇಣಿಚೀಟು ಕೊಟ್ಟದ್ದು ಮಾರಾಯ್ರೆ. ಸಾಲದ್ದಕ್ಕೆ, ಒಪ್ಪಂದ ಮುಗಿದರೆ ಬಳಕೆದಾರನೇ ಆಟವನ್ನು ಅಳಿಸಿ, ತನ್ನಲ್ಲಿರುವ ಪ್ರತಿಗಳನ್ನು ನಾಶ ಮಾಡಬೇಕಂತೆ. ಒಕ್ಕಲೆದ್ದು ಹೋಗುವವನ ಹತ್ರ, ನೀನು ನೆಟ್ಟ ತೆಂಗನ್ನು ನೀನೇ ಕಡಿದು ಹೋಗು ಎಂದ ಹಾಗೆ. ಒಕ್ಕಲು ಬೆಳೆಸಿದ ಮರಗಳಿಗೆ ಪರಿಹಾರ ಕೊಡಬೇಕೆಂದು ಕೇರಳದಲ್ಲಿ 1958ರಲ್ಲೇ ಕಾನೂನಾಗಿತ್ತು!

2024ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಆಟಗಾರರು ಕೋರ್ಟಿಗೆ ಹೋದರು. ಅವರು ಕೊಂಡದ್ದು ಪರವಾನಗಿ ಮಾತ್ರ ಎಂಬುದು ಕಂಪೆನಿಯ ವಾದ. ಕೊಡುವುದು ಪರವಾನಗಿಯಾದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಎನ್ನಬಾರದು ಎಂಬ ಕಾನೂನು ಆ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ. ನನಗಿದು ಅರ್ಧ ಕೆಲಸ ಅನಿಸುತ್ತದೆ. ಚೀಟಿನ ಹೆಸರು ಸರಿಯಾಯಿತು, ಗೇಣಿ ಹಾಗೆಯೇ ಉಳಿಯಿತು. 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯವರು ಕೇಳುವುದೇ ಸರಿ: ಬಾಗಿಲು ಹಾಕುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ. ಅದು ಆಗದ ಕೆಲಸವೂ ಅಲ್ಲ. ದಿ ಕ್ರೂ 2 ಆಟವನ್ನು ಇಂಟರ್ನೆಟ್ ಇಲ್ಲದೆ ಆಡಲು ವ್ಯವಸ್ಥೆ ಮಾಡುತ್ತೇವೆಂದು 2024ರ ಸೆಪ್ಟೆಂಬರಿನಲ್ಲಿ ಹೇಳಿದ್ದು ಇದೇ ಕಂಪೆನಿ.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 'ಅನ್ಯಾಯದ ಕರಾರು' ಎಂಬುದನ್ನು ಗುರುತಿಸಿದೆ. ತಕ್ಕ ಕಾರಣವಿಲ್ಲದೆ ಒಂದೇ ಪಕ್ಷ ಕರಾರು ಮುರಿಯಬಹುದೆಂಬ ಷರತ್ತೂ ಅದರಲ್ಲಿ ಸೇರುತ್ತದೆ. ಆದರೆ ಅಂಥ ದೂರು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ನಮಗೆ ಅದು ತಿರುವನಂತಪುರ, ರಾಜ್ಯದ ಆಚೆ ತುದಿ. ಸಾವಿರ ರೂಪಾಯಿಯ ಆಟಕ್ಕೆ ಅಷ್ಟು ದೂರ ಯಾರು ಹೋಗ್ತಾರೆ? ಆನ್‌ಲೈನಿನಲ್ಲಿ ದೂರು ಸಲ್ಲಿಸುವ ದಾರಿಯೂ ಉಂಟು. ಮಕ್ಕಳಿಗೆ ಆಟ ಕೊಡಿಸುವವರು ಬಿಲ್ಲಿನ ಜೊತೆಗೆ, 'ಖರೀದಿಸಿ' ಎಂದಿದ್ದ ಆ ಪುಟದ ಫೋಟೋವನ್ನೂ ತೆಗೆದಿಡಲಿ.