ಪಾತ್ರಾಭಿನಯದ ಆಟಗಳಲ್ಲಿ ವರ್ಗವಿಭಾಗ: ಒಂದು ವಿಮರ್ಶೆ

ಮೇಜಿನ ಸುತ್ತ ಕುಳಿತು, ಮಾತು ಮತ್ತು ದಾಳಗಳ ನೆರವಿನಿಂದ ಕಲ್ಪಿತ ಸಾಹಸವೊಂದನ್ನು ನಡೆಸುವ ಪಾತ್ರಾಭಿನಯದ ಆಟಗಳಿಗೆ ಈಗ ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಮೂರು ಕಿರುಹೊತ್ತಗೆಗಳಾಗಿ ಹೊರಬಂದಿತು. ಅದರಲ್ಲಿ ಆಟಗಾರನು ತನ್ನ ಪಾತ್ರಕ್ಕೆ ಯೋಧ, ಮಾಂತ್ರಿಕ, ಪಾದ್ರಿ ಎಂಬ ಮೂರು ವರ್ಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿತ್ತು. ಈ ವರ್ಗವಿಭಾಗದ ಗುಣದೋಷಗಳನ್ನು ತೂಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಆಟದ ಮೂಲವಿರುವುದು ಸಣ್ಣ ಬೊಂಬೆಗಳಿಂದ ಆಡುವ ಯುದ್ಧದಾಟದಲ್ಲಿ. 1971ರ ‘ಚೈನ್‌ಮೇಲ್’ ನಿಯಮಗಳಲ್ಲಿ ‘ವೀರ’ನೊಬ್ಬನು ನಾಲ್ವರು ಸೈನಿಕರಿಗೆ ಸಮ, 1974ರ ಆಟದಲ್ಲಿ ನಾಲ್ಕನೆಯ ಮಟ್ಟವನ್ನು ಮುಟ್ಟಿದ ಯೋಧನಿಗೆ ಅದೇ ಬಿರುದು. ಕಾಲಾಳು, ಕುದುರೆ, ಬಿಲ್ಲುಗಾರ ಎಂದು ಪಡೆಯನ್ನು ವಿಂಗಡಿಸುವ ದೃಷ್ಟಿಯೇ ವ್ಯಕ್ತಿಯ ಚಿತ್ರಣಕ್ಕೂ ಇಳಿದು ಬಂದಿತು. ವರ್ಗವಿಭಾಗದ ಗುಣವೂ ದೋಷವೂ ಇದೇ ಬೇರಿನಿಂದ ಹುಟ್ಟಿದವು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಗುಣವನ್ನು ನೋಡೋಣ. ಮಾಂತ್ರಿಕನಿಗೆ ಕವಚವಿಲ್ಲ, ಕೈಯಲ್ಲಿ ಕಠಾರಿಯೊಂದೇ. ಅವನನ್ನು ಯೋಧನು ಕಾಯಬೇಕು. ಪಾದ್ರಿಗೆ ಅಲಗುಳ್ಳ ಆಯುಧ ನಿಷಿದ್ಧ. ಆದರೆ ಪ್ರೇತಗಳನ್ನು ಹಿಮ್ಮೆಟ್ಟಿಸುವ ಶಕ್ತಿ ಅವನದು. ಹೀಗೆ ಒಬ್ಬನ ಕೊರತೆ ಮತ್ತೊಬ್ಬನ ಅಗತ್ಯವಾಗಿ, ಪರಸ್ಪರ ಅವಲಂಬನೆಯು ನಿಯಮದಿಂದಲೇ ಒದಗುತ್ತದೆ. ಹೊಸಬನೂ ‘ನಾನು ಯೋಧ’ ಎಂದೊಡನೆ ತನ್ನ ಕೆಲಸವೇನೆಂದು ಅರಿಯುತ್ತಾನೆ. ಇದು ಸಾಮಾನ್ಯ ಲಾಭವಲ್ಲ.

ದೋಷಕ್ಕೆ ‘ಕಳ್ಳ’ನೇ ಉತ್ತಮ ನಿದರ್ಶನ. 1975ರ ‘ಗ್ರೇಹಾಕ್’ ಅನುಬಂಧದಲ್ಲಿ ಈ ವರ್ಗ ಸೇರಿ, ನೆರಳಿನಲ್ಲಿ ಅಡಗುವುದು, ಸದ್ದಿಲ್ಲದೆ ನಡೆಯುವುದು, ಬೀಗ ತೆರೆಯುವುದು ಮೊದಲಾದವು ಅದರ ವಿಶೇಷ ವಿದ್ಯೆಗಳಾದವು. ಅಲ್ಲಿಯವರೆಗೆ ಮೆಲ್ಲನೆ ಹೆಜ್ಜೆಯಿಡಲು ಯಾರು ಬೇಕಾದರೂ ಯತ್ನಿಸಬಹುದಾಗಿತ್ತು. ಅದು ಒಬ್ಬನ ಸ್ವತ್ತಾದ ಮೇಲೆ ಉಳಿದವರಿಗೆ ಆ ಅಧಿಕಾರವುಂಟೇ ಎಂಬ ಪ್ರಶ್ನೆ ಎದ್ದಿತು. ಒಂದು ವರ್ಗಕ್ಕೆ ಕೊಟ್ಟದ್ದು ಮಿಕ್ಕವುಗಳಿಂದ ಕಸಿದುದೂ ಆಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇನ್ನೂ ಗಂಭೀರವಾದ ದೋಷವೊಂದಿದೆ. 1974ರ ನಿಯಮದಂತೆ ಕುಬ್ಜಕುಲದವನು ಯೋಧನಲ್ಲದೆ ಬೇರೇನೂ ಆಗಲಾರ. ಅದೂ ಆರನೆಯ ಮಟ್ಟದವರೆಗೆ ಮಾತ್ರ. 1981ರಲ್ಲಿ ಟಾಮ್ ಮೋಲ್ಡ್‌ವೇ ಪರಿಷ್ಕರಿಸಿದ ಪ್ರಾಥಮಿಕ ಆವೃತ್ತಿಯಲ್ಲಂತೂ ‘ಕುಬ್ಜ’ ಎಂಬುದೇ ಒಂದು ವರ್ಗವಾಯಿತು. ‘ವರ್ಗ’ವೆಂದರೆ ಆಯ್ದುಕೊಂಡ ವೃತ್ತಿ ಎಂಬ ಅರ್ಥ ಇಲ್ಲಿ ಅಳಿಸಿಹೋಗುತ್ತದೆ. ಹುಟ್ಟೇ ವೃತ್ತಿಯನ್ನೂ ಅದರ ಮೇಲ್ಮಿತಿಯನ್ನೂ ಗೊತ್ತುಮಾಡುವ ಏರ್ಪಾಡಿನ ಪರಿಣಾಮವನ್ನು ನಮ್ಮ ದೇಶದ ಇತಿಹಾಸವನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. 2000ದ ಮೂರನೆಯ ಆವೃತ್ತಿಯು ಈ ನಿರ್ಬಂಧಗಳನ್ನು ತೆಗೆದುಹಾಕಿದುದು ಉಚಿತವೇ ಆಯಿತು.

ವರ್ಗವನ್ನೇ ಕೈಬಿಟ್ಟ ಆಟಗಳೂ ಉಂಟು. 1977ರ ‘ಟ್ರಾವೆಲರ್’ನಲ್ಲಿ ಪಾತ್ರವು ನೌಕಾಪಡೆ, ವರ್ತಕವೃತ್ತಿ ಮುಂತಾದ ಸೇವೆಗಳಲ್ಲಿ ನಾಲ್ಕು ನಾಲ್ಕು ವರ್ಷಗಳ ಅವಧಿಗಳನ್ನು ಕಳೆದು, ಅಲ್ಲಿ ಗಳಿಸಿದ ಕೌಶಲಗಳೊಡನೆ ಆಟಕ್ಕೆ ಬರುತ್ತದೆ. 1978ರ ‘ರೂನ್‌ಕ್ವೆಸ್ಟ್’ನಲ್ಲಿ ವಿದ್ಯೆಯು ಬಳಕೆಯಿಂದಲೇ ಬೆಳೆಯುತ್ತದೆ. ಮನುಷ್ಯನನ್ನು ಅವನ ಗತಜೀವನದಿಂದ ಅರಿಯುವ ಈ ಕ್ರಮ ಇತಿಹಾಸಕಾರನಿಗೆ ಒಪ್ಪಿಗೆಯಾಗುವಂಥದು. ಆದರೆ ಇಲ್ಲಿ ಕೆಲಸದ ಹಂಚಿಕೆ ತಾನಾಗಿ ಒದಗದು. ಕೌಶಲಗಳ ಉದ್ದನೆಯ ಪಟ್ಟಿಯೆದುರು ಹೊಸಬನು ತಬ್ಬಿಬ್ಬಾಗುವುದೂ ಉಂಟು.

ಆದುದರಿಂದ ವರ್ಗವಿರಬೇಕೇ ಬೇಡವೇ ಎಂಬುದಕ್ಕಿಂತ, ಅದು ಏನನ್ನು ಕೊಡುತ್ತದೆ, ಏನನ್ನು ತಡೆಯುತ್ತದೆ ಎಂಬುದೇ ಸರಿಯಾದ ಪ್ರಶ್ನೆ. 2014ರ ಐದನೆಯ ಆವೃತ್ತಿಯಲ್ಲಿ ಹನ್ನೆರಡು ವರ್ಗಗಳ ಜೊತೆಗೆ ಪಾತ್ರದ ಪೂರ್ವವೃತ್ತಕ್ಕೂ ಸ್ಥಾನವಿದೆ; ಅಪರಾಧಿಯಾಗಿ ಬಾಳಿದ್ದ ಮಾಂತ್ರಿಕನೂ ಅಲ್ಲಿ ಸದ್ದಿಲ್ಲದೆ ನುಸುಳಬಲ್ಲ, ಬೀಗ ತೆರೆಯಬಲ್ಲ. ಮೇಜಿನ ಸುತ್ತ ಕೆಲಸವನ್ನು ಹಂಚುವ ಸಾಧನವಾಗಿ ವರ್ಗವು ಸಾರ್ಥಕ. ವ್ಯಕ್ತಿಯ ಪೂರ್ಣ ಲಕ್ಷಣವೆಂದು ಅದನ್ನು ಭಾವಿಸಿದಲ್ಲಿ ಆಟ ಬಡವಾಗುತ್ತದೆ.