ಪುಲಿಗೆರೆಯ ಶಾಸನಪ್ರತಿಗಳೂ ಸಾಂಧಿವಿಗ್ರಹಿಕರ ಬರಹವೂ

ಬಾದಾಮಿ ಚಾಲುಕ್ಯರ ದಾನಪತ್ರಗಳನ್ನು ಬರೆಯುತ್ತಿದ್ದವನು ಅನ್ಯರಾಜರೊಡನೆ ಸಂಧಿವಿಗ್ರಹಗಳನ್ನು ನಿರ್ವಹಿಸುವ ಅಧಿಕಾರಿಯೇ. ವಿನಯಾದಿತ್ಯನ ತಾಮ್ರಪಟಗಳಲ್ಲಿ ಮಹಾಸಾಂಧಿವಿಗ್ರಹಿಕ ರಾಮಪುಣ್ಯವಲ್ಲಭನ ಹೆಸರಿದೆ. ಸ್ವಾಮಿಯ ಜಯಗಳನ್ನು ಹೇಳುವಲ್ಲಿ ಇಂಥವನ ಲೇಖನಿ ಉದಾರ. ಸೋಲನ್ನು ಅದು ಕಾಣದು. ಲಕ್ಷ್ಮೇಶ್ವರದಲ್ಲಿ ತೊಡಕು ಇಮ್ಮಡಿ. ಶಂಖಜಿನಾಲಯದ ಚಾಲುಕ್ಯ ಶಾಸನಗಳು ಇಂದು ದೊರೆಯುವುದು ಸುಮಾರು ಹತ್ತನೆಯ ಶತಮಾನದ ಲಿಪಿಯಲ್ಲಿ ಮರುಕೆತ್ತಿದ ಪ್ರತಿಗಳಾಗಿ. ಫ್ಲೀಟರು ಅವುಗಳ ಪ್ರಾಮಾಣ್ಯವನ್ನೇ ಶಂಕಿಸಿದರು. ಆದರೆ ಪ್ರತಿ ಈಚಿನದಾದ ಮಾತ್ರಕ್ಕೆ ಪಾಠವು ಕೂಟವಾಗದು. ಓಲೆಗರಿಗಳನ್ನು ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ. ವಂಶಪ್ರಶಸ್ತಿಯನ್ನು ಇತರ ತಾಮ್ರಪಟಗಳೊಡನೆ ಹೋಲಿಸಿ ಪರೀಕ್ಷಿಸಬಹುದು. ದಾನಭಾಗಕ್ಕೆ ಆ ಒರೆಗಲ್ಲಿಲ್ಲ, ಲಾಭ ಪಡೆದವರ ಕೈವಾಡಕ್ಕೆ ಎಡೆಯಿರುವುದೂ ಅಲ್ಲಿಯೇ. ಶಕ 651ರ ವಿಜಯಾದಿತ್ಯನ ಶಾಸನವು ಪ್ರತಿಗ್ರಾಹಿ ಉದಯದೇವ ಪಂಡಿತನನ್ನು ಪೂಜ್ಯಪಾದರ ಗೃಹಶಿಷ್ಯನೆನ್ನುತ್ತದೆ. ಈ ಪೂಜ್ಯಪಾದರೇ ಜೈನೇಂದ್ರ ವ್ಯಾಕರಣದ ದೇವನಂದಿಯೆಂದು ಹಿಡಿದು, ಆ ಆಚಾರ್ಯರ ಕಾಲವನ್ನು ಎಂಟನೆಯ ಶತಮಾನಕ್ಕೆ ಇಳಿಸುವುದು ಸಾಹಸವೇ ಸರಿ.