ಅಂತಿಮ ಎಂಬ ಮಾತು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರಾಜ್ಯೋತ್ಸವದ ಭಾಷಣಗಳಲ್ಲಿ ಎರಡು ವಾಕ್ಯ ತಪ್ಪುವುದಿಲ್ಲ. ಒಂದು, ‘ಮಹಾಜನ ವರದಿಯೇ ಅಂತಿಮ.’ ಇನ್ನೊಂದು, ‘ಒಂದಿಂಚು ನೆಲವನ್ನೂ ಬಿಡುವುದಿಲ್ಲ.’ ಎರಡಕ್ಕೂ ಚಪ್ಪಾಳೆ ಬೀಳುತ್ತದೆ. ಮಕ್ಕಳಿಗೆ ಭಾಷಣ ಬರೆದುಕೊಡುವಾಗ ನಾನೂ ಇವೆರಡನ್ನು ಒಂದರ ಬೆನ್ನಿಗೊಂದು ಬರೆಯುತ್ತಿದ್ದೆ.

ಹುಕ್ಕೇರಿಯಲ್ಲಿದ್ದಾಗ, ಹಾಗೆ ಭಾಷಣ ಮಾಡಿದ ಹುಡುಗಿಯೊಬ್ಬಳ ಅಜ್ಜಿ ಕಾರ್ಯಕ್ರಮ ಮುಗಿದ ಮೇಲೆ ನನ್ನ ಹತ್ತಿರ ಬಂದರು. ಅವರ ತವರು ನಿಪ್ಪಾಣಿ. ‘ಅಕ್ಕೋರ, ಆ ವರದಿಯೊಳಗ ನಮ್ಮ ನಿಪ್ಪಾಣಿ ಯಾರ ಪಾಲಿಗೆ ಬಂದೈತ್ರಿ?’ ಎಂದರು. ‘ನಮ್ಮ ಪಾಲಿಗೇ ಬಂದೈತಿ ಬಿಡ್ರಿ ಆಯಿ’ ಎಂದುಬಿಟ್ಟೆ. ವರದಿಯಲ್ಲಿ ಏನಿದೆಯೆಂದು ನಾನು ಎಂದೂ ನೋಡಿರಲಿಲ್ಲ.

ಆಮೇಲೆ ಹುಡುಕಿ ಓದಿದೆ. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಆಯೋಗ ನೇಮಕವಾದದ್ದು 1966ರಲ್ಲಿ. 1967ರ ವರದಿ ಬೆಳಗಾವಿ ನಗರವನ್ನು ನಮಗೇ ಉಳಿಸಿತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ 247 ಹಳ್ಳಿಗಳನ್ನೂ, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗವನ್ನೂ ಇತ್ತ ಸೇರಿಸಿ ಎಂದಿತು. ಆದರೆ ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದೂ ಅದೇ ವರದಿ ಹೇಳಿತು. ವರದಿ ಅಂತಿಮವಾದರೆ ನೆಲ ಬಿಡಬೇಕು. ನೆಲ ಬಿಡುವುದಿಲ್ಲವಾದರೆ ವರದಿ ಅಂತಿಮವಲ್ಲ. ಏಳನೇ ಇಯತ್ತೆಯ ಹುಡುಗನಿಗೂ ತಿಳಿಯುವ ಲೆಕ್ಕ ಇದು.

ಅತ್ತಲಿನವರೇನು ಕಡಿಮೆಯಿಲ್ಲ. ಆಯೋಗ ಬೇಕೆಂದು ಹಟ ಹಿಡಿದವರೇ ಅವರು. ವರದಿ ಬಂದೊಡನೆ ಒಲ್ಲೆವೆಂದರು. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2022ರ ಡಿಸೆಂಬರಿನಲ್ಲಿ 865 ಊರುಗಳು ತಮ್ಮವೆಂದು ವಿಧಾನಮಂಡಲದಲ್ಲಿ ಠರಾವು ಮಾಡಿದರು. ಅದೇ ತಿಂಗಳು ಎರಡೂ ಕಡೆ ವಾಹನಗಳಿಗೆ ಕಲ್ಲು, ಮಸಿ ಬಿದ್ದವು, ಬಸ್ಸುಗಳು ನಿಂತವು.

ಭಾಷಣಕ್ಕೆ ವರದಿ ಬೇಕು, ಇಡೀ ವರದಿ ಬೇಡ. ಇದು ನಮ್ಮ ಗಡಿಯೊಂದರ ರೋಗವಲ್ಲ. 2003ರ ಫೆಬ್ರವರಿಯಲ್ಲಿ ಅಮೆರಿಕದ ಕಾಲಿನ್ ಪೊವೆಲ್ ಇರಾಕಿನ ಅಸ್ತ್ರಗಳ ಬಗ್ಗೆ ವಿಶ್ವಸಂಸ್ಥೆಯಲ್ಲಿ ಮಾತಾಡಿದರು. ಗುಪ್ತಚರರ ಕಾಗದಗಳಲ್ಲಿ ಅನುಮಾನವಿತ್ತು, ಭಿನ್ನಾಭಿಪ್ರಾಯವಿತ್ತು. ಸಭೆಗೆ ಬರುವಷ್ಟರಲ್ಲಿ ‘ಇದ್ದೀತು’ ಎಂಬುದು ‘ಇದೆ’ ಆಗಿತ್ತು. ವ್ಯಾಕರಣದಲ್ಲಿ ಸಂಭಾವನಾರ್ಥಕ ರೂಪವೆಂದು ಕಲಿಸುತ್ತೇವಲ್ಲ, ಅದಷ್ಟೇ ಬಿದ್ದುಹೋದದ್ದು. ಮಾರ್ಚಿನಲ್ಲಿ ಯುದ್ಧ ಶುರುವಾಯಿತು. ಆಮೇಲೆ ಎಷ್ಟು ಹುಡುಕಿದರೂ ಆ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ.

ಮರುವರ್ಷ ಅದೇ ಹುಡುಗಿಯ ಭಾಷಣದಲ್ಲಿ 247ನ್ನೂ 264ನ್ನೂ ಬರೆದೆ. ತಡವರಿಸದೆ ಹೇಳಿದಳು. ಚಪ್ಪಾಳೆ ಸಣ್ಣದಾಗಿತ್ತು. ಅಜ್ಜಿ ಮತ್ತೆ ಬಂದರು.

‘ಮತ್ತ ಹ್ವಾದ ವರ್ಷ ಹಂಗ್ಯಾಕ ಹೇಳಿದ್ರಿ, ಅಕ್ಕೋರ?’

‘ಆವಾಗ ಓದಿರಲಿಲ್ರಿ, ಆಯಿ’ ಎಂದೆ.